ಊರಾಚೆ ಇಲ್ಲದ ಊರು

ಚಂದ್ರ ಶಿಬಿರ, ಲಡಾಖ್
18 ಜೂನ್ 2024

ಅಣ್ಣಾ, ಜೈ ಭೀಮ್.

ಬಂದು ಮುಟ್ಟಿದ್ದೇನೆ. ಈ ಎತ್ತರ ಇನ್ನೂ ಉಸಿರಿಗೆ ಒಗ್ಗಿಲ್ಲ, ನಾಲ್ಕು ಸಾಲು ಬರೆದು ಪೆನ್ನು ಕೆಳಗಿಡುತ್ತಿದ್ದೇನೆ. ಇಲ್ಲಿ ಫೋನಿಲ್ಲ. ಲೇಹ್‌ನಿಂದ ಹದಿನೈದು ದಿನಕ್ಕೊಮ್ಮೆ ಸಾಮಾನಿನ ಗಾಡಿ ಬರುತ್ತದೆ, ಬಾಗಿಲ ಬಳಿ ಕಾಗದ ಇಟ್ಟು ಹೋಗುತ್ತದೆ. ಮುಂದಿನ ಮಾರ್ಚ್‌ವರೆಗೆ ನಮ್ಮಿಬ್ಬರ ಮಾತುಕತೆ ಅಷ್ಟೇ.

ಹೊಸಪೇಟೆ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದವಳಿಗೆ ಅಲ್ಲೇನು ಕೆಲಸ ಎಂದು ಅತ್ತಿಗೆ ಕೇಳಿದ್ದಳಲ್ಲ, ಓದಿ ಹೇಳು. ಚಂದ್ರನ ಮೇಲೆ ಊರು ಕಟ್ಟಿದರೆ ಜನ ಹೇಗಿರುತ್ತಾರೆ ಎಂದು ನೋಡಲು ಒಂದು ಸಂಸ್ಥೆ ನಮ್ಮನ್ನು, ಎಂಟು ಜನರನ್ನು, ಒಂದು ಮುಚ್ಚಿದ ಮನೆಯಲ್ಲಿ ಇಟ್ಟಿದೆ. ಉಳಿದವರು ಗಾಳಿ, ನೀರು, ಬೆಳೆ ಪರೀಕ್ಷೆ ಮಾಡುತ್ತಾರೆ. ನಾನು ಕಾನೂನು ಪರೀಕ್ಷೆ ಮಾಡುತ್ತೇನೆ. ಚಂದ್ರ ಯಾವ ದೇಶದ ಆಸ್ತಿಯೂ ಅಲ್ಲ ಎಂದು ಅರವತ್ತೇಳರಲ್ಲೇ ಒಪ್ಪಂದವಾಗಿದೆ. ಸರಿ. ಆದರೆ ಅಲ್ಲಿ ಒಲೆ ಹಚ್ಚಿದವರು ಒಬ್ಬರೊಡನೊಬ್ಬರು ಹೇಗೆ ಬಾಳಬೇಕು? ಅದನ್ನು ನಾವು ಈಗ ಬರೆಯುತ್ತಿದ್ದೇವೆ.

ನಾನು ಬರೆದದ್ದು ಹದಿನಾಲ್ಕನೇ ಕಲಮು: ‘ಹೊಲಸಿನ ಕೆಲಸ ಎಲ್ಲರ ಪಾಳಿಯ ಕೆಲಸ. ಒಬ್ಬರ ಪಾಳಿಯನ್ನು ಇನ್ನೊಬ್ಬರು ಮಾಡುವಂತಿಲ್ಲ. ಕೂಲಿಗೂ ಇಲ್ಲ, ಪ್ರೀತಿಗೂ ಇಲ್ಲ.’ ಇಲ್ಲಿ ನಮ್ಮೆಲ್ಲರ ಮಲಮೂತ್ರ ಒಂದೇ ತೊಟ್ಟಿಗೆ ಹೋಗಿ, ಸೋಸಿ, ಕುಡಿಯುವ ನೀರಾಗಿ ವಾಪಸು ಬರುತ್ತದೆ. ಸೋಸುವ ಜಾಳಿಗೆಯನ್ನು ದಿನಾ ಕೈಯಿಂದ ಬಳಿದು ತೊಳೆಯಬೇಕು. ನಮ್ಮ ಕಡೆಯಾದರೆ ಅದನ್ನು ಊರಾಚೆ ಒಯ್ದು ಹಾಕು ಎನ್ನುತ್ತಿದ್ದರು, ಹಾಕುವವರನ್ನೂ ಊರಾಚೆ ಇಡುತ್ತಿದ್ದರು. ಚಂದ್ರನ ಮೇಲೆ ಊರಾಚೆ ಎಂಬುದೇ ಇಲ್ಲ ಅಣ್ಣಾ. ಆಚೆ ಹೋದರೆ ಉಸಿರಿಲ್ಲ. ಶಾಲೆಯಿಂದ ಹಂಪಿಗೆ ಹೋದಾಗ ರಾಣಿಯ ಸ್ನಾನದ ಕೊಳ ತೋರಿಸಿದವನಿಗೆ, ಇಲ್ಲಿ ಹೊಲಸು ಯಾರು ಎತ್ತುತ್ತಿದ್ದರು ಎಂದು ಕೇಳಿ ಬೈಸಿಕೊಂಡಿದ್ದೆನಲ್ಲ, ಆ ಪ್ರಶ್ನೆಯನ್ನೇ ಇಲ್ಲಿಯವರೆಗೆ ಹೊತ್ತು ತಂದಿದ್ದೇನೆ.

ಒಂಬತ್ತು ತಿಂಗಳು ಈ ಕಲಮು ಮುರಿಯದೆ ನಿಂತರೆ ವಿಯೆನ್ನಾದಲ್ಲಿ ನಡೆಯುವ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಭೆಗೆ ಹೋಗುತ್ತದೆ. ಮುರಿದರೆ ಅದರ ಜಾಗಕ್ಕೆ ಇನ್ನೊಂದು ಕಾದು ಕೂತಿದೆ: ‘ಇಷ್ಟವಿದ್ದವರು, ಕೈ ಪಳಗಿದವರು ಮಾಡಬಹುದು.’ ಕೈ ಪಳಗಿದವರು ಯಾರು ಎಂದು ನಮಗೆ ಗೊತ್ತಿಲ್ಲವೇ? ನಾಲ್ಕನೇ ಕ್ಲಾಸಿನಲ್ಲಿ ಮಾಸ್ತರರು ನನ್ನ ಕೈಗೆ ಪೊರಕೆ ಕೊಟ್ಟು ಪಾಯಖಾನೆಗೆ ಕಳಿಸುತ್ತಿದ್ದಾಗ ಹೇಳುತ್ತಿದ್ದದ್ದೂ ಅದೇ: “ಈಕಿ ಕೈ ಭಾಳ ಚೊಕ್ಕ.” ಅವ್ವ ಶಾಲೆಗೆ ಹೋಗಿ ಹೆಡ್ಮಾಸ್ತರರ ಎದುರು ನಿಂತು ಕೇಳಿ ಬಂದಳು. ಮರುದಿನದಿಂದ ನನ್ನನ್ನು ಯಾರೂ ಕರೆಯಲಿಲ್ಲ. ಈ ಕಲಮು ಬರೆದವಳು ಅವ್ವ, ನಾನು ನಕಲು ಮಾಡಿದವಳು. ಬೆಂಗಳೂರಿನ ಸಭೆಯಲ್ಲಿ ಇದನ್ನು ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎಸ್ಸೆಸ್ಸೆಲ್ಸಿ ಎರಡು ಸಲ ಬರೆದವನು ನೀನು, ಕಾಗದ ಬರೆಯುವುದು ನಿನಗೇನು ಕಷ್ಟವಲ್ಲ. ಜಲ್ದಿ ಬರಿ.

ನಿನ್ನ ರೇಣುಕಾ


ಚಿತ್ತವಾಡ್ಗಿ, ಹೊಸಪೇಟೆ
7 ಜುಲೈ 2024

ತಂಗಿ ರೇಣುಕಾದೇವಿಗೆ ಅಣ್ಣ ದುರುಗಣ್ಣನ ಜೈ ಭೀಮ್.

ನಿನ್ನ ಕಾಗದವನ್ನು ನಿಮ್ಮತ್ತಿಗೆ ಪಕೀರಮ್ಮನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, “ಅಲ್ರೀ, ಇಷ್ಟು ಓದಿಸಿದ್ದು ಚಂದ್ರನ ಮ್ಯಾಲೆ ಪಾಯಖಾನಿ ಕಾನೂನು ಬರಿಯಾಕಾ?” ಆಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, ಬರೀಲಿ ಬಿಡ್ರಿ, ಅಲ್ಲಿಂದಾದರೂ ಸುರು ಆಗಲಿ ಎಂದಳು.

ನನ್ನ ಬಸ್ಸು ಈಗ ಸಂಡೂರು ರೂಟಿಗೆ. ಅದಿರಿನ ಲಾರಿಗಳ ಹಿಂದೆ ಹೋಗಿ ಹೋಗಿ ಅಂಗಿ, ಮೀಸೆ ಎಲ್ಲಾ ಕೆಂಪು. ಮಳೆ ಬಂದರೆ ಘಾಟಿನಲ್ಲಿ ಚಂದ ಕಾಣುತ್ತದೆ, ಆದರೆ ಡ್ರೈವರಿಗೆ ಆಚೀಚೆ ನೋಡುವ ಯೋಗವಿಲ್ಲ.

ಒಂದು ಮಾತು ಹೇಳಲೇ? ಅವ್ವ ಶಾಲೆಗೆ ಹೋದ ಸುದ್ದಿಯನ್ನು ಎಲ್ಲಾ ಸಭೆಗಳಲ್ಲಿ ಹೇಳಬ್ಯಾಡ. ಸತ್ತವರ ವಿಷಯ. ಕಲಮಿಗೆ ಬೇಕಾದಷ್ಟು ಬೇರೆ ಆಧಾರ ಇರುತ್ತವೆ, ಅವನ್ನು ಹಾಕು.

ಚಳಿಗೆ ಕಿವಿ ಮುಚ್ಚಿಕೋ.

ದುರುಗಣ್ಣ


ಚಂದ್ರ ಶಿಬಿರ
1 ಆಗಸ್ಟ್ 2024

ಅಣ್ಣಾ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಬರೆಯದೆ ಇದ್ದರೆ ಅದು ಒಳಗೇ ಕುದಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವ ಪಾಯಖಾನೆ ತೊಳೆಯುವವಳಾಗಿದ್ದಳು ಎಂದು ಹೇಳಲು ನಿನಗೆ ನಾಚಿಕೆಯೇ? ಡಿಪೋದಲ್ಲಿ ಗೊತ್ತಾಗುತ್ತದೆ ಎಂದು ಅಂಜಿಕೆಯೇ? ನನ್ನ ಬದುಕಿನಲ್ಲಿ ಒಬ್ಬರು ನನ್ನ ಸಲುವಾಗಿ ಎದ್ದು ನಿಂತದ್ದು ಅದೊಂದೇ ಸಲ. ಅದನ್ನೂ ಮುಚ್ಚಿಡು ಎನ್ನುತ್ತೀ.

ಇಲ್ಲಿಯೂ ಮುಚ್ಚಿಡುವವರೇ. ನಮ್ಮ ತೋಟ ನೋಡುವಾಕೆ ನಾರ್ವೆಯವಳು, ಒಳ್ಳೆಯ ಹೆಂಗಸು. ಹೋದ ವಾರ ಊಟದ ಹೊತ್ತಿಗೆ, ಜಾಳಿಗೆಯ ಕೆಲಸ ನನಗೆ ಬೇಸರವಿಲ್ಲ, ಎಲ್ಲರ ಪಾಳಿಯನ್ನೂ ನಾನೇ ಮಾಡುತ್ತೇನೆ ಎಂದಳು. ಎಲ್ಲರ ಮುಖ ಅರಳಿತು. ಕೂಡದು ಎಂದೆ. ಇವತ್ತು ನಿನ್ನ ಇಷ್ಟದಿಂದ ಮಾಡುತ್ತೀ, ನಾಳೆ ಚಂದ್ರನಿಗೆ ಬರುವ ಬಡವನಿಗೆ ‘ನಿನಗೂ ಇಷ್ಟ ತಾನೇ’ ಎಂದು ಕೇಳುತ್ತಾರೆ ಎಂದೆ. ನಮ್ಮ ಮುಖ್ಯಸ್ಥ ಮನೋಹರ್ ಎಂಬ ಇಂಜಿನಿಯರು. ಅವರು ನಕ್ಕು, ರೇಣುಕಾ, ಎಲ್ಲದರಲ್ಲೂ ನಿಮಗೆ ನಿಮ್ಮೂರೇ ಕಾಣುತ್ತದೆ ಎಂದರು. ಅವತ್ತಿನಿಂದ ನನ್ನ ಮೇಜಿಗೆ ಬಂದು ಕೂರುವವರು ಕಡಿಮೆಯಾಗಿದ್ದಾರೆ.

ಜಾಳಿಗೆ ತೊಳೆದವರು ಬಾಗಿಲ ಬಳಿ ತಮ್ಮ ಹೆಸರಿನ ಬಿಲ್ಲೆ ತೂಗು ಹಾಕಬೇಕು. ಇಲ್ಲಿಯತನಕ ಒಂದು ಬಿಲ್ಲೆಯೂ ತಪ್ಪಿಲ್ಲ.

ರೇಣುಕಾ


ಹೊಸಪೇಟೆ
22 ಆಗಸ್ಟ್ 2024

ತಂಗೀ,

ಡ್ಯಾಮಿನ ಹತ್ತೊಂಬತ್ತನೇ ಗೇಟು ಚೈನು ಕಡಿದು ಕೊಚ್ಚಿಕೊಂಡು ಹೋಯಿತು, ನಿನಗೆ ಸುದ್ದಿ ಮುಟ್ಟಿತೋ ಇಲ್ಲವೋ. ಊರಿಗೆ ಊರೇ ನೋಡಲು ಹೋಗಿತ್ತು. ಕಂಪ್ಲಿ ಕಡೆ ಹೊಳೆ ದಂಡೆಯವರನ್ನು ಹುಷಾರಾಗಿರಿ ಎಂದರು. ಹರಿಯುವ ನೀರಿನಲ್ಲೇ ಹಲಗೆ ಇಳಿಸಿ ಮುಚ್ಚಿದರು. ಮುಚ್ಚಿದ ದಿನ ಬಸ್ಸಿನಲ್ಲಿ ಗುರುತಿಲ್ಲದವರೂ ನನಗೆ ಪೇಡೆ ಕೊಟ್ಟರು.

ನೀನು ಬರೆದದ್ದನ್ನು ಓದಿದೆ. ನಾಚಿಕೆ ಅಲ್ಲ. ಬೇರೆ ಸಂಗತಿ. ನೀನು ಬಂದಾಗ ಕೂತು ಮಾತಾಡೋಣ, ಕಾಗದದಲ್ಲಿ ಬರೆಯುವಂಥದ್ದಲ್ಲ.

ಪಕೀರಮ್ಮ ಶೇಂಗಾ ಚಟ್ನಿಪುಡಿ ಮಾಡಿ ಕಟ್ಟಿದ್ದಾಳೆ. ಒಬ್ಬಳೇ ಕೂತು ಉಣ್ಣಬ್ಯಾಡ, ನಾಲ್ಕು ಮಂದಿಗೆ ಹಂಚು, ಮೇಜಿಗೆ ತಾವಾಗಿಯೇ ಬರುತ್ತಾರೆ ಎಂದು ಹೇಳಲು ಹೇಳಿದಳು.

ದುರುಗಣ್ಣ


ಚಂದ್ರ ಶಿಬಿರ
26 ಸೆಪ್ಟೆಂಬರ್ 2024

ಅಣ್ಣಾ,

ಚಟ್ನಿಪುಡಿ ಬಂತು. ಹಂಚಿದೆ. ಖಾರ ಎಂದು ಎಲ್ಲರೂ ನೀರು ಕುಡಿದರು, ಅಷ್ಟೇ ಆಯಿತು. ಉಳಿದದ್ದನ್ನು ನಾನು ಕೋಣೆಯಲ್ಲಿಟ್ಟುಕೊಂಡು ತಿನ್ನುತ್ತಿದ್ದೇನೆ. ಊಟಕ್ಕೆ ಈಗ ಮೇಜಿಗೆ ಹೋಗುವುದಿಲ್ಲ, ಕೋಣೆಗೇ ತಂದುಕೊಳ್ಳುತ್ತೇನೆ. ಹಾಗೆಂದು ಚಿಂತೆ ಮಾಡಬೇಡ, ಓದುವುದು ಬಹಳ ಇರುತ್ತದೆ.

ನಸುಕಿಗೇ ಎದ್ದುಬಿಡುತ್ತೇನೆ, ಉಳಿದವರು ಏಳುವ ಮುಂಚೆ. ಆಗ ಕಿಟಕಿಯಿಂದ ಕಾಣುವುದು ಬರೀ ಬೂದು ನೆಲ. ಒಂದು ಜಾಲಿಗಿಡ ಕೂಡ ಇಲ್ಲ. ದರೋಜಿ ಗುಡ್ಡದಲ್ಲಾದರೆ ಕರಡಿಯಾದರೂ ಎದುರಾಗುತ್ತಿತ್ತು, ಬಾರೋ ಮಾರಾಯ ಎಂದು ಮಾತಾಡಿಸುತ್ತಿದ್ದೆ.

ಮನೋಹರ್ ಅವರಿಗೆ ಸೊಂಟ ನೋವು. ಜಪಾನಿನ ಡಾಕ್ಟರರಿಗೆ ಬಿಡುವಿಲ್ಲದಷ್ಟು ಪ್ರಯೋಗಗಳು. ಆದರೂ ಬಿಲ್ಲೆಗಳೆಲ್ಲ ಸರಿಯಾಗಿ ತೂಗುತ್ತಿವೆ. ನಮ್ಮ ಕಲಮನ್ನು ಸಂಸ್ಥೆಯ ಕಡೆಯಿಂದ ನೋಡಿಕೊಳ್ಳುವ ಚಂದ್ರಕಲಾ ಮೇಡಂ, ಇಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದುಕೊಂಡಿರಲಿಲ್ಲ ಎಂದು ಬರೆದಿದ್ದಾರೆ.

ಒಂದು ಕೇಳುವುದಿತ್ತು. ಇಲ್ಲಿಯ ಸೋಪಿಗೆ ಕೈಯ ವಾಸನೆ ಹೋಗುವುದಿಲ್ಲ. ತೋಟದ ಗೊಬ್ಬರದ್ದಿರಬೇಕು. ಅವ್ವ ಏನು ಹಚ್ಚುತ್ತಿದ್ದಳು?

ರೇಣುಕಾ


ಹೊಸಪೇಟೆ
14 ಅಕ್ಟೋಬರ್ 2024

ತಂಗೀ,

ಹುಣಸೆಹಣ್ಣು, ಒಲೆಯ ಬೂದಿ. ಎರಡನ್ನೂ ಕಲಸಿ ಉಗುರಿನ ಸಂದಿಗೆ ತಿಕ್ಕಬೇಕು. ಪೊಟ್ಟಣ ಕಟ್ಟಿ ಕಳಿಸಲು ಹೋದರೆ ಪೋಸ್ಟಿನವರು ಬೂದಿ ತೆಗೆದುಕೊಳ್ಳಲಿಲ್ಲ. ಹುಣಸೆ ಮಾತ್ರ ಕಳಿಸಿದ್ದೇನೆ.

ಊಟಕ್ಕೆ ಜನರ ಜೊತೆ ಕೂರುತ್ತಿಲ್ಲ ಎಂದು ಬರೆದಿದ್ದೀ. ಮೈಯಲ್ಲಿ ಹುಷಾರಿಲ್ಲವೇನು? ಜ್ವರಗಿರ ಇದ್ದರೆ ಮುಚ್ಚಿಡಬ್ಯಾಡ. ಯಾರಾದರೂ ಏನಾದರೂ ಅಂದರೇ? ಇಲ್ಲಾ, ಯಾರ ಮೇಲಾದರೂ ಮನಸ್ಸಾಗಿದೆಯೇ ಎಂದು ಪಕೀರಮ್ಮ ಕೇಳುತ್ತಿದ್ದಾಳೆ. ಆಗಿದ್ದರೆ ಜಾತಿ ಗೀತಿ ನಾನು ಕೇಳುವವನಲ್ಲ.

ನಸುಕಿಗೆ ಯಾಕೆ ಏಳುತ್ತೀ? ಸಣ್ಣವಳಿದ್ದಾಗ ನಿನ್ನನ್ನು ಎಬ್ಬಿಸಬೇಕಾದರೆ ಅವ್ವ ನೀರು ಚಿಮುಕಿಸಬೇಕಿತ್ತು.

ದುರುಗಣ್ಣ


ಚಂದ್ರ ಶಿಬಿರ
8 ನವೆಂಬರ್ 2024

ಅಣ್ಣಾ,

ಜ್ವರವಿಲ್ಲ. ಮನಸ್ಸೂ ಯಾರ ಮೇಲೂ ಆಗಿಲ್ಲ, ಅತ್ತಿಗೆಗೆ ನಿರಾಸೆಯಾಗುತ್ತದೆ ಪಾಪ. ಎಲ್ಲಾ ಚೆನ್ನಾಗಿದೆ. ಈಗ ಎಲ್ಲರೂ ನನ್ನ ಜೊತೆ ಸಲಿಗೆಯಿಂದಿದ್ದಾರೆ. ನಿನ್ನೆ ಮನೋಹರ್, ರೇಣುಕಾ ಇರುವತನಕ ನಮ್ಮ ನೀರಿಗೆ ಚಿಂತೆಯಿಲ್ಲ, ಆಕೆಯ ಕೈ ಬಹಳ ಚೊಕ್ಕ ಎಂದು ಎಲ್ಲರೆದುರು ಹೊಗಳಿದರು.

ಇನ್ನು ನಾಲ್ಕು ತಿಂಗಳು. ಕಲಮು ದಾಟುತ್ತದೆ. ದಾಟಿದರೆ ಸಾಕು.

ರೇಣುಕಾ


ಹೊಸಪೇಟೆ
30 ನವೆಂಬರ್ 2024

ರೇಣುಕಾ,

ನಿನ್ನ ಕಾಗದವನ್ನು ಡಿಪೋದಲ್ಲಿ ಓದಿದೆ. ಆಮೇಲೆ ಗಾಡಿ ಹತ್ತಲಿಲ್ಲ. ಹೊಟ್ಟೆನೋವು ಎಂದು ರಜೆ ಹಾಕಿ ಕಾಲುವೆ ದಂಡೆಯ ಮೇಲೆ ಕೂತೆ. ನಸುಕಿಗೆ ಏಳುವುದು. ಕೈಯ ವಾಸನೆ. ಒಬ್ಬಳೇ ಉಣ್ಣುವುದು. ಈಗ ‘ಕೈ ಚೊಕ್ಕ’. ನೀನು ಎಲ್ಲರ ಪಾಳಿ ಮಾಡುತ್ತಿದ್ದೀ. ಅವರ ಬಿಲ್ಲೆಗಳನ್ನು ನೀನೇ ತೂಗು ಹಾಕುತ್ತಿದ್ದೀ. ಅಲ್ಲ ಎಂದು ಬರೆಯಬ್ಯಾಡ. ನನಗೆ ಹೇಗೆ ಗೊತ್ತಾಯಿತು ಎಂದರೆ, ಆ ಕೆಲಸ ನಾನು ಮಾಡಿದ್ದೇನೆ.

ಬಂದಾಗ ಹೇಳೋಣ ಅಂದಿದ್ದು ಇದನ್ನೇ. ಅವ್ವ ಶಾಲೆಗೆ ಹೋದದ್ದು ನಿಜ. ನಾನು ಜೊತೆಗಿದ್ದೆ. ಗೇಟಿನವರೆಗೆ ಹೋದಳು, ಹೆಡ್ಮಾಸ್ತರರು ಕಂಡರು, ಸೆರಗು ಸರಿ ಮಾಡಿಕೊಂಡು ನಿಂತಳು. ಏನಬೇ ಎಂದು ಕೇಳಿದರು. ಅವ್ವ, “ಏನಿಲ್ರಿ ಸರ, ಹುಡುಗಿ ಚಲೋ ಓದತಾಳೇನ್ರಿ ಅಂತ ಕೇಳಾಕ ಬಂದಿದ್ದೆ” ಎಂದಳು. ಅಷ್ಟೇ. ಕೇಳಿದರೆ ನಿನ್ನ ಹೆಸರು ಹೊಡೆದುಹಾಕುತ್ತಾರೆ ಎಂದು ಅಂಜಿದಳು. ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದು ನಿನ್ನ ಮುಂದೆ ಹೇಳಿಬಂದೆ ಎಂದಳು. ನಾನು ಹೂಂ ಎಂದೆ.

ಮರುದಿನದಿಂದ ನಸುಕಿಗೆ ನಾನು ಹೋಗಿ ತೊಳೆದು ಬರುತ್ತಿದ್ದೆ. ಚೊಕ್ಕ ಇದ್ದದ್ದನ್ನು ನೋಡಿ ಮಾಸ್ತರರು ನಿನ್ನನ್ನು ಕರೆಯಲಿಲ್ಲ, ಯಾರು ಮಾಡಿದರು ಎಂದು ಕೇಳಲೂ ಇಲ್ಲ. ಆಮೇಲೆ ಕೈ ತಿಕ್ಕಿಕೊಂಡು ಕಂಪ್ಲಿ ಹೈಸ್ಕೂಲಿಗೆ ಓಡಬೇಕು. ಮೊದಲ ಪಿರಿಯಡ್ಡು ಗಣಿತ, ಅದು ನನಗೆ ಸಿಗಲೇ ಇಲ್ಲ. ಎಸ್ಸೆಸ್ಸೆಲ್ಸಿ ಎರಡು ಸಲ ಬರೆದದ್ದು ಅದಕ್ಕೇ. ಅವ್ವನಿಗೆ ಗೊತ್ತಿತ್ತೋ ಇಲ್ಲವೋ, ಒಂದು ದಿನವೂ ಕೇಳಲಿಲ್ಲ. ಆದರೆ ನನ್ನ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಚ್ಚುತ್ತಿದ್ದಳು.

ನೀನು ಸಭೆಗಳಲ್ಲಿ ಅವ್ವನನ್ನು ಹುಲಿ ಮಾಡಿ ನಿಲ್ಲಿಸಿದಾಗ ನನಗೆ ಸಂತೋಷವೇ ಆಗುತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. ಆದರೆ ಉಳಿದದ್ದನ್ನೂ ಕೇಳು. ನೀನು ಆ ಶಾಲೆ ದಾಟಿದ ದಿನ ನಾನು ಹೋಗುವುದನ್ನು ನಿಲ್ಲಿಸಿದೆ. ಮರುದಿನ ಮಾಸ್ತರರು ನಮ್ಮ ಕೇರಿಯ ಹುಲಿಗೆಮ್ಮನ ಕೈಗೆ ಪೊರಕೆ ಕೊಟ್ಟರು. ನಿನಗಿಂತ ಎರಡು ವರ್ಷ ಸಣ್ಣವಳು. ಆಕೆಗೆ ಅಣ್ಣ ಇರಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟಳು.

ನಾನು ಮಾಡಿದ್ದರಿಂದ ನಿನ್ನ ಓದು ಉಳಿಯಿತು, ಖರೆ. ಆದರೆ ಆ ಕೆಲಸ ನಿಲ್ಲಲಿಲ್ಲ, ಚೊಕ್ಕಾಗಿ ನಡೆಯಿತು. ಅಷ್ಟು ವರ್ಷ ಯಾರಿಗೂ ವಾಸನೆ ಬಡಿಯದಂತೆ ನೋಡಿಕೊಂಡವನು ನಾನೇ. ನೀನೂ ಅದನ್ನೇ ಮಾಡುತ್ತಿದ್ದೀ. ನಿನ್ನ ಕಲಮು ದಾಟಬಹುದು. ಅದರ ಕೆಳಗೆ ನೀನು ಕೂತಿರುತ್ತೀ. ಬಿಡು ತಂಗೀ. ನಾಳೆ ಏಳಬ್ಯಾಡ.

ದುರುಗಣ್ಣ


ಹೊಸಪೇಟೆ
4 ಜನವರಿ 2025

ತಂಗೀ,

ನಿನ್ನಿಂದ ಕಾಗದವಿಲ್ಲ. ಹಿಮ ಬಿದ್ದು ದಾರಿ ಬಂದ್ ಆಗಿದೆ ಎಂದು ಪೇಪರಿನಲ್ಲಿ ನೋಡಿದೆ. ಅದೇ ಇರಲಿ ಎಂದುಕೊಳ್ಳುತ್ತೇನೆ. ಸಿಟ್ಟಾಗಿದ್ದರೆ ಸಿಟ್ಟಾಗಿದ್ದೇನೆ ಎಂದಾದರೂ ಬರಿ.

ಪಕೀರಮ್ಮನಿಗೂ ಇಷ್ಟು ವರ್ಷ ಹೇಳಿರಲಿಲ್ಲ, ಮೊನ್ನೆ ಹೇಳಿದೆ. ನನ್ನ ಕೈ ಹಿಡಿದುಕೊಂಡು ಮೂಸಿ ನೋಡಿದಳು. “ಡೀಸೆಲ್ ವಾಸನಿ ಅಷ್ಟ ಐತಿ ಬಿಡ್ರಿ” ಎಂದಳು. ಆಮೇಲೆ ಒಳಗೆ ಹೋಗಿ ಅತ್ತಳು.

ಬರಿ.

ದುರುಗಣ್ಣ


ಚಂದ್ರ ಶಿಬಿರ
19 ಜನವರಿ 2025

ಅಣ್ಣಾ,

ದಾರಿ ಬಂದ್ ಆಗಿದ್ದು ನಿಜ. ಆದರೆ ತೆರೆದಿದ್ದರೂ ನಾನು ಬರೆಯುತ್ತಿರಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು, ಅವ್ವನ ಮೇಲೆ ಅದಕ್ಕಿಂತ ಹೆಚ್ಚು. ನನ್ನ ಸಲುವಾಗಿ ಒಬ್ಬರಾದರೂ ಎದ್ದು ನಿಂತಿದ್ದರು ಎಂದು ನಂಬಿಕೊಂಡೇ ನಾನು ಕರಿಕೋಟು ಹಾಕಿದವಳು. ಅದನ್ನು ನೀನು ಕಿತ್ತುಕೊಂಡೆ. ಇಲ್ಲಿ ಅಳಲು ಒಂದು ಮೂಲೆಯಿಲ್ಲ, ಗೋಡೆಗಳೆಲ್ಲ ತೆಳು. ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಆ ನೀರನ್ನೂ ನಾನೇ ಸೋಸಬೇಕು ಎಂದು ನೆನಪಾಗಿ ನಗು ಬಂತು.

ಹೌದು, ಸೆಪ್ಟೆಂಬರಿನಿಂದ ಮಾಡುತ್ತಿದ್ದೆ. ಮೊದಲು ಮನೋಹರ್ ಅವರ ಪಾಳಿ, ಒಂದು ದಿನಕ್ಕೆ ಎಂದು. ದೂರು ಕೊಟ್ಟರೆ ಕಲಮು ಬೀಳುತ್ತದೆ, ಕೊಡದಿದ್ದರೆ ತೊಟ್ಟಿ ತುಂಬುತ್ತದೆ. ಹಾಗಾಗಿ ನಾನೇ ಮಾಡಿ ಅವರ ಬಿಲ್ಲೆ ಹಾಕಿದೆ. ಮರುವಾರ ಇನ್ನಿಬ್ಬರು. ನವೆಂಬರಿನಲ್ಲಿ ಎಲ್ಲರೂ. ಯಾರೂ ಮಾಡು ಎನ್ನಲಿಲ್ಲ. ಯಾರೂ ಕೇಳಲೂ ಇಲ್ಲ, ನಮ್ಮ ಮಾಸ್ತರರ ಹಾಗೆ.

ದಾರಿ ಮುಚ್ಚುವ ಮುಂಚಿನ ಕೊನೆಯ ಗಾಡಿಯಲ್ಲಿ ನಿನ್ನ ಕಾಗದ ಬಂದಿತ್ತು. ಮರುದಿನ ಏಳಲಿಲ್ಲ. ಕೈಗಳು ತಾವೇ ಏಳುತ್ತಿದ್ದವು, ಅವುಗಳ ಮೇಲೆ ಮಲಗಿದೆ. ಅದರ ಮರುದಿನ ಮಧ್ಯಾಹ್ನಕ್ಕೆ ನಲ್ಲಿ ನಿಂತಿತು. ಎಲ್ಲರೂ ನನ್ನ ಬಾಗಿಲಿಗೆ ಬಂದು, ಹುಷಾರಿಲ್ಲವೇ ರೇಣುಕಾ ಎಂದರು. ಇವತ್ತು ಯಾರ ಪಾಳಿ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಆಗ ಮೇಜಿಗೆ ಹೋಗಿ ಕೂತು ಎಲ್ಲಾ ಹೇಳಿದೆ. ಕಲಮು ಮೊದಲು ಮುರಿದವಳು ನಾನೇ ಎಂದೂ ಹೇಳಿದೆ. ಕೆಲಸಕ್ಕೆ ಮಾತ್ರ ಇರುವ ರೇಡಿಯೋದಲ್ಲಿ ಸಂಸ್ಥೆಗೂ ಹಾಗೇ ವರದಿ ಕಳಿಸಿದೆ.

ಕಲಮು ಬಿತ್ತು ಅಣ್ಣಾ. ವಿಯೆನ್ನಾಕ್ಕೆ ‘ಇಷ್ಟವಿದ್ದವರು, ಕೈ ಪಳಗಿದವರು’ ಹೋಗುತ್ತದೆ. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕಲಮು. ನನ್ನ ಕೈಯಿಂದಲೇ ಹೋಯಿತು. ಈಗ ಮನೋಹರ್ ನನ್ನ ಜೊತೆ ಮಾತಾಡುವುದಿಲ್ಲ, ನಾರ್ವೆಯವಳು ಮಾತ್ರ ಬೆಳಿಗ್ಗೆ ತಲೆಯಾಡಿಸುತ್ತಾಳೆ. ಆದರೆ ನೀರು ನಿಂತ ದಿನ ಮನೋಹರ್ ಜಾಳಿಗೆ ಬಳಿಯಲು ಒಳಗೆ ಹೋದರು, ಬೇರೆ ದಾರಿ ಇರಲಿಲ್ಲ. ನಲ್ಲಿ ಮತ್ತೆ ಬಂದ ಮೇಲೆ ಬಹಳ ಹೊತ್ತು ಕೈ ತೊಳೆದರು. ಆಮೇಲೆ ನನ್ನ ಕಡೆ ತಿರುಗದೆಯೇ, ಈ ವಾಸನೆ ಯಾವುದಕ್ಕೆ ಹೋಗುತ್ತದೆ ಎಂದು ಕೇಳಿದರು. ನೀನು ಕಳಿಸಿದ ಹುಣಸೆ ಕೊಟ್ಟೆ. ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದೆ. ಅವತ್ತಿನಿಂದ ಅವರವರ ಪಾಳಿ ಅವರವರು ಮಾಡುತ್ತಿದ್ದಾರೆ. ಈಗ ಅದಕ್ಕೆ ಕಾನೂನಿನ ಬಲ ಇಲ್ಲ.

ಚಂದ್ರಕಲಾ ಮೇಡಂ ಒಂದು ಉಪಕಾರ ಮಾಡಿದ್ದಾರೆ. ಬಿದ್ದ ಕಲಮು ಯಾಕೆ ಬೇಕಿತ್ತು, ಯಾಕೆ ಬಿತ್ತು ಎಂದು ವರದಿಯ ಕೊನೆಯಲ್ಲಿ ಒಂದು ಪುಟ ಸೇರಿಸಬಹುದಂತೆ. ಮುಂದೆ ಯಾರಾದರೂ ಈ ಪ್ರಶ್ನೆ ಎತ್ತಿದರೆ ಆ ಪುಟ ಅಲ್ಲಿರುತ್ತದೆ. ಅವ್ವ ಹೆಡ್ಮಾಸ್ತರರನ್ನು ಕೇಳಿದ ಕತೆಯನ್ನು ಹೊಡೆದುಹಾಕಿದೆ. ಆ ಜಾಗ ಖಾಲಿ ಇದೆ. ನಿನ್ನದನ್ನು ಬರೆಯಲೇ? ನೀನು ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಬೇಡ ಎಂದರೆ ಬರೆಯುವುದಿಲ್ಲ, ಒಬ್ಬ ಅಣ್ಣ ಎಂದಷ್ಟೇ ಹಾಕುತ್ತೇನೆ.

ನಿನ್ನ ರೇಣುಕಾ


ಹೊಸಪೇಟೆ
9 ಫೆಬ್ರವರಿ 2025

ತಂಗೀ,

ನಿನ್ನ ಕಾಗದ ಬಂದ ಮೇಲೆ ಬಹಳ ಯೋಚನೆ ಮಾಡಿದೆ. ಡಿಪೋದಲ್ಲಿ ನನ್ನ ಜೊತೆ ಒಂದೇ ತಾಟಿನಲ್ಲಿ ಉಣ್ಣುವವರಿದ್ದಾರೆ. ಇದನ್ನು ಓದಿದ ಮೇಲೆ ಉಣ್ಣುತ್ತಾರೋ ಇಲ್ಲವೋ ಗೊತ್ತಿಲ್ಲ. ಅಂಜಿಕೆ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ.

ವಾರದ ರಜೆಗೆ ಕಂಪ್ಲಿಗೆ ಹೋಗಿದ್ದೆ. ಹುಲಿಗೆಮ್ಮ ಅಲ್ಲಿ ಸಂತೆಯಲ್ಲಿ ತರಕಾರಿ ಇಟ್ಟುಕೊಂಡು ಕೂರುತ್ತಾಳೆ. ಎಷ್ಟೋ ಸಲ ಕಂಡೂ ಕಾಣದಂತೆ ದಾಟಿದ್ದೆ. ಈ ಸಲ ಎದುರಿಗೆ ಕೂತು ಎಲ್ಲಾ ಹೇಳಿದೆ, ನಾನು ಮಾಡಿದ್ದು, ನಿಲ್ಲಿಸಿದ್ದು, ಆಮೇಲೆ ಪೊರಕೆ ಆಕೆಯ ಕೈಗೆ ಹೋದದ್ದು. ಆಕೆ ಬದನೆಕಾಯಿ ಒರೆಸುತ್ತಾ ಕೇಳಿದಳು. ನಿನ್ನ ಪುಟದ ಸುದ್ದಿಯನ್ನೂ ಹೇಳಿದೆ.

“ಚಂದ್ರನ ತನಕ ಹೋಗೂದು ಬ್ಯಾಡಾಗಿತ್ತು ದುರುಗಣ್ಣ,” ಎಂದಳು. “ಆ ಸಾಲ್ಯಾಗ ನನ್ನ ಹೆಸರು ಹಿಡದು ಒಬ್ರೂ ಕರೀಲಿಲ್ಲ. ಪೊರಕಿ ತಗಾ ಅಂತಿದ್ರು, ಅಷ್ಟ. ಬರಿ ಅನ್ನು. ಪೂರಾ ಹೆಸರು ಬರಿ ಅನ್ನು.”

ಬರಿ ತಂಗೀ. ಅವ್ವ ಗೇಟಿನತನಕ ಹೋಗಿ ತಿರುಗಿ ಬಂದದ್ದನ್ನೂ ಬರಿ, ಅಷ್ಟು ದೂರ ಹೋಗುವುದೂ ಆಕೆಗೆ ಸಣ್ಣದಾಗಿರಲಿಲ್ಲ. ನನ್ನ ಹೆಸರು ದುರುಗಣ್ಣ, ತಂದೆ ಜಡೆಪ್ಪ, ತಾಯಿ ಎರ್ರಮ್ಮ, ಬಸ್ ಡ್ರೈವರ್, ಚಿತ್ತವಾಡ್ಗಿ ಎಂದೇ ಹಾಕು. ಆದರೆ ಹುಲಿಗೆಮ್ಮನ ಹೆಸರನ್ನು ಮೊದಲು ಬರಿ. ನನ್ನದು ಆಮೇಲೆ.

ದುರುಗಣ್ಣ